ಮೆಲ್ಕಾರಿನಿಂದ ಮಂಜೂಷಾದವರೆಗೆ: ಬದಲಿ ಇಂಧನಗಳ ಒಂದು ದಿನದ ಪಾಠ

ಬಂಟ್ವಾಳ ತಾಲೂಕಿನ ಮೆಲ್ಕಾರ್ ದೊಡ್ಡ ಊರೇನಲ್ಲ. ಪಾಣೆಮಂಗಳೂರಿನ ಸೇತುವೆಯಲ್ಲಿ ನೇತ್ರಾವತಿಯನ್ನು ದಾಟಿ ಬೆಂಗಳೂರಿನ ಕಡೆಗೆ ಹೊರಟವರಿಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸಿಗುವ ಒಂದು ಕೂಡುರಸ್ತೆ. ಮುಡಿಪು, ಕೊಣಾಜೆ ಕಡೆಯ ರಸ್ತೆ ಇಲ್ಲಿ ಹೆದ್ದಾರಿಯನ್ನು ಸೇರುತ್ತದೆ. ಆದರೆ ಇಂಧನದ ಪಾಠ ಮಾಡುವ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಸಿಗುವುದು ಕಷ್ಟ. ನವಮಂಗಳೂರು ಬಂದರಿನಲ್ಲಿ ಇಳಿದ, ಮಂಗಳೂರಿನ ತೈಲಾಗಾರದಲ್ಲಿ ಶುದ್ಧಗೊಂಡ ಇಂಧನದ ಒಂದು ದೊಡ್ಡ ಪಾಲು ಟ್ಯಾಂಕರುಗಳಲ್ಲಿ ತುಂಬಿಕೊಂಡು ಘಟ್ಟದ ಮೇಲಕ್ಕೆ ಸಾಗುವುದು ಈ ದಾರಿಯಲ್ಲೇ.

ಇಲ್ಲಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ, ಹಳೆಯ ಕಾರುಗಳ ಸಂಗ್ರಹವೊಂದಿದೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ರೂಪುಗೊಂಡ ಮಂಜೂಷಾ ವಸ್ತುಸಂಗ್ರಹಾಲಯದ ಜೊತೆಗೆ ಬೆಳೆದ ಈ ಸಂಗ್ರಹ ವರ್ಷವಿಡೀ ತೆರೆದಿರುವ ಒಂದು ವಾಹನ ಪ್ರದರ್ಶನವೇ ಸರಿ. ಬೆಳಿಗ್ಗೆ ಮೆಲ್ಕಾರಿನಲ್ಲಿ ಒಂದು ಗಂಟೆ, ಮಧ್ಯಾಹ್ನ ಧರ್ಮಸ್ಥಳದಲ್ಲಿ ಎರಡು ಗಂಟೆ. ನಿಮ್ಮ ಶಾಲೆಯ ಒಂದು ದಿನದ ಪ್ರವಾಸಕ್ಕೆ ಇಷ್ಟು ಸಾಕು. ನಿನ್ನೆಯ ವಾಹನ ಯಾವುದರಿಂದ ಓಡಿತು, ಇಂದಿನದು ಯಾವುದರಿಂದ ಓಡುತ್ತಿದೆ, ನಾಳೆಯದು ಯಾವುದರಿಂದ ಓಡಬೇಕು ಎಂಬ ಮೂರು ಪ್ರಶ್ನೆಗಳಿಗೂ ಈ ದಾರಿಯಲ್ಲಿ ಸುಳಿವುಗಳಿವೆ.

ರಸ್ತೆಬದಿಯ ಎಣಿಕೆ

ಮೊದಲು ಮೆಲ್ಕಾರಿನಲ್ಲಿ ಸುರಕ್ಷಿತವಾದ ಜಾಗದಲ್ಲಿ ವಿದ್ಯಾರ್ಥಿಗಳನ್ನು ಗುಂಪುಗಳಾಗಿ ನಿಲ್ಲಿಸಿ. ಒಂದು ಗಂಟೆಯಲ್ಲಿ ಹಾದುಹೋಗುವ ವಾಹನಗಳನ್ನು ಇಂಧನದ ಪ್ರಕಾರ ಎಣಿಸಲಿ. ಗುರುತಿಸುವುದು ಹೇಗೆ? ಹಸಿರು ನಂಬರು ಫಲಕವಿದ್ದರೆ ಅದು ವಿದ್ಯುತ್ ವಾಹನ. ಹಸಿರಿನ ಮೇಲೆ ಬಿಳಿ ಅಕ್ಷರವಿದ್ದರೆ ಖಾಸಗಿ ವಾಹನ, ಹಳದಿ ಅಕ್ಷರವಿದ್ದರೆ ಬಾಡಿಗೆಯದು. ಅನಿಲದಿಂದ ಓಡುವ ಎಷ್ಟೋ ಆಟೋ ಮತ್ತು ಕಾರುಗಳ ಮೇಲೆ ಸಿಎನ್‌ಜಿ ಅಥವಾ ಎಲ್‌ಪಿಜಿ ಎಂಬ ಗುರುತು ಇರುತ್ತದೆ. ಉಳಿದವು ಹೆಚ್ಚಾಗಿ ಪೆಟ್ರೋಲ್ ಅಥವಾ ಡೀಸೆಲಿನವು.

ಟ್ಯಾಂಕರುಗಳ ಹಿಂಬದಿ ಮತ್ತು ಬದಿಗಳಲ್ಲಿ ಇರುವ ಎಚ್ಚರಿಕೆ ಫಲಕವನ್ನೂ ಓದಲು ಹೇಳಿ. ಅದರಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದೆ. ಅದು ವಿಶ್ವಸಂಸ್ಥೆಯ ಸಮಿತಿ ನಿಗದಿಪಡಿಸಿದ, ಎಲ್ಲ ದೇಶಗಳೂ ಒಪ್ಪಿರುವ ಸಂಖ್ಯೆ. 1203 ಎಂದರೆ ಪೆಟ್ರೋಲ್, 1202 ಎಂದರೆ ಡೀಸೆಲ್, 1075 ಎಂದರೆ ಎಲ್‌ಪಿಜಿ. ಅಪಘಾತವಾದಾಗ ಅಗ್ನಿಶಾಮಕ ಸಿಬ್ಬಂದಿ ಮೊದಲು ನೋಡುವುದು ಈ ಸಂಖ್ಯೆಯನ್ನೇ.

ರಸ್ತೆಯಲ್ಲಿ ಕಾಣದ ಇಂಧನವೂ ಇದೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನ ಬಳಿಗೆ ಪೆಟ್ರೋಲಿಯಂ ಉತ್ಪನ್ನಗಳನ್ನು ಒಯ್ಯುವ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆಮಾರ್ಗ 2003ರಲ್ಲಿ ಕೆಲಸ ಆರಂಭಿಸಿತು. ಘಟ್ಟ ಹತ್ತುವ ಮುನ್ನ ತೈಲಕ್ಕೆ ಒತ್ತಡ ಕೊಡುವ ಪಂಪಿಂಗ್ ಕೇಂದ್ರ ಬೆಳ್ತಂಗಡಿ ತಾಲೂಕಿನ ನೆರಿಯದಲ್ಲಿದೆ. ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆಯೊಳಗೆ ಕೊರೆದ ಗುಹೆಗಳಲ್ಲಿ ದೇಶದ ಆಪತ್ಕಾಲದ ಕಚ್ಚಾತೈಲವನ್ನು ಕೂಡಿಡಲಾಗುತ್ತದೆ: ಮಂಗಳೂರಿನಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಸುವಷ್ಟು ಜಾಗ. ಇಷ್ಟೆಲ್ಲ ಏರ್ಪಾಡು ಏಕೆ? ನಮಗೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ಹೊರದೇಶಗಳಿಂದ ಬರುತ್ತದೆ. ಬದಲಿ ಇಂಧನದ ಮಾತು ಹೊಗೆಯನ್ನು ಕುರಿತದ್ದು ಮಾತ್ರವಲ್ಲ, ಈ ಪರಾವಲಂಬನೆಯನ್ನು ಕುರಿತದ್ದೂ ಹೌದು.

ಹಳೆಯ ಕಾರು ಹೇಳುವ ಕಥೆ

ಧರ್ಮಸ್ಥಳದ ಸಂಗ್ರಹದಲ್ಲಿ ಹಳೆಯ ಕಾರೊಂದರ ಮುಂದೆ ನಿಂತಾಗ ಅದರ ಹೊಳಪನ್ನು ನೋಡಿ ಮುಂದೆ ಹೋಗಬೇಡಿ. ಮುಂಭಾಗದ ಕೆಳಗೆ ಹ್ಯಾಂಡಲ್ ತೂರಿಸುವ ರಂಧ್ರವಿದೆಯೇ ಎಂದು ಹುಡುಕಿ. ಆ ರಂಧ್ರಕ್ಕೆ ಕಬ್ಬಿಣದ ಹಿಡಿಯನ್ನು ಸಿಕ್ಕಿಸಿ, ಕೈಯಿಂದ ಬಲವಾಗಿ ತಿರುಗಿಸಿ ಇಂಜಿನನ್ನು ಚಾಲೂ ಮಾಡಬೇಕಿತ್ತು. ಇಂಜಿನ್ ಒಮ್ಮೊಮ್ಮೆ ಹಿಂದಕ್ಕೆ ಒದೆಯುತ್ತಿತ್ತು, ತಿರುಗಿಸಿದವರ ಕೈ ಮುರಿಯುತ್ತಿತ್ತು.

ಈ ರಂಧ್ರಕ್ಕೂ ವಿದ್ಯುತ್ ಕಾರಿಗೂ ಹತ್ತಿರದ ಸಂಬಂಧವಿದೆ. ವಿದ್ಯುತ್ ಕಾರು ಇಪ್ಪತ್ತೊಂದನೆಯ ಶತಮಾನದ ಸೃಷ್ಟಿ ಎಂದು ನಿಮ್ಮ ವಿದ್ಯಾರ್ಥಿಗಳು ತಿಳಿದಿರಬಹುದು. ಆದರೆ 1900ರಲ್ಲಿ ಅಮೆರಿಕದಲ್ಲಿ ತಯಾರಾದ 4192 ಕಾರುಗಳಲ್ಲಿ 1681 ಉಗಿಯಿಂದಲೂ 1575 ವಿದ್ಯುತ್ತಿನಿಂದಲೂ ಓಡುತ್ತಿದ್ದವು. ಪೆಟ್ರೋಲಿನವು 936 ಮಾತ್ರ. ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೊತ್ತಮೊದಲು ಮೀರಿದ ಕಾರು ಕೂಡ ವಿದ್ಯುತ್ತಿನದೇ. 1899ರ ಏಪ್ರಿಲಿನಲ್ಲಿ ಬೆಲ್ಜಿಯಮ್ಮಿನ ಕಾಮಿಲ್ ಜೆನಾಟ್ಜಿ ಅದನ್ನು ಓಡಿಸಿದರು.

ಹಾಗಾದರೆ ಪೆಟ್ರೋಲ್ ಗೆದ್ದದ್ದು ಹೇಗೆ? ಕಾರಣಗಳು ಹಲವು. ಅಮೆರಿಕದಲ್ಲಿ ಹೇರಳವಾಗಿ ತೈಲ ಸಿಕ್ಕಿತು. ಹೆನ್ರಿ ಫೋರ್ಡ್ ಪೆಟ್ರೋಲ್ ಕಾರನ್ನು ಅಗ್ಗವಾಗಿ ತಯಾರಿಸಿದರು. ಊರಿನಿಂದ ಊರಿಗೆ ರಸ್ತೆಗಳಾದವು, ಬ್ಯಾಟರಿ ಅಷ್ಟು ದೂರ ಬಾಳುತ್ತಿರಲಿಲ್ಲ. ಇವೆಲ್ಲದರ ಜೊತೆಗೆ 1912ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂತು. ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿತು. ಪೆಟ್ರೋಲ್ ಕಾರಿನ ದೊಡ್ಡ ಕೊರತೆಯನ್ನು ನೀಗಿಸಿದ್ದು ಒಂದು ಪುಟ್ಟ ವಿದ್ಯುತ್ ಮೋಟಾರು, ಅದರಿಂದ ಸೋತದ್ದು ವಿದ್ಯುತ್ ಕಾರು! ತಂತ್ರಜ್ಞಾನದ ಇತಿಹಾಸದಲ್ಲಿ ಇಂಥ ತಿರುವುಗಳು ಅಪರೂಪವಲ್ಲ.

ಡೀಸೆಲಿನ ಕಥೆಯೂ ಹೀಗೆಯೇ. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಒಂದು ಪುಟ್ಟ ಡೀಸೆಲ್ ಇಂಜಿನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಲಾಗಿತ್ತು. ಇಂಜಿನಿನಲ್ಲಿ ಯಾವ ಬದಲಾವಣೆಯನ್ನೂ ಮಾಡಿರಲಿಲ್ಲ ಎಂದು ರುಡಾಲ್ಫ್ ಡೀಸೆಲ್ ಅವರೇ ಮುಂದೆ ಹೇಳಿದರು. ನಾವು ಇಂದು 'ಬದಲಿ' ಎಂದು ಕರೆಯುವ ಇಂಧನಗಳಲ್ಲಿ ಹಲವು ಮೊದಲಿನಿಂದಲೂ ಸ್ಪರ್ಧೆಯಲ್ಲಿ ಇದ್ದವೇ.

ಇದ್ದಲಿನ ಬಸ್ಸು

ನಮ್ಮ ಜಿಲ್ಲೆಯ ಹಿರಿಯರನ್ನು ಕೇಳಿದರೆ ಇನ್ನೊಂದು ಬದಲಿ ಇಂಧನದ ಸುದ್ದಿ ಸಿಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ದೇಶದ ಇತರ ಕಡೆಗಳಂತೆ ಕರಾವಳಿಯಲ್ಲಿಯೂ ಬಸ್ಸುಗಳು ಇದ್ದಲಿನಿಂದ ಓಡಿದವು. ಬಸ್ಸಿನ ಹಿಂಬದಿಯಲ್ಲಿ ಒಂದು ಉದ್ದನೆಯ ಉಕ್ಕಿನ ಡ್ರಮ್ಮು. ಅದರೊಳಗೆ ಕೆಂಡವಾದ ಇದ್ದಲು. ಗಾಳಿ ಅದರ ಮೂಲಕ ಹಾದುಹೋಗುವಾಗ ಮೊದಲು ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಅದು ಮತ್ತಷ್ಟು ಕೆಂಡದ ಸಂಪರ್ಕಕ್ಕೆ ಬಂದು ಇಂಗಾಲದ ಮೊನಾಕ್ಸೈಡ್ ಆಗುತ್ತದೆ. ಈ ಅನಿಲ ಉರಿಯಬಲ್ಲದು. ಅದನ್ನು ತಣಿಸಿ, ಸೋಸಿ ಇಂಜಿನಿಗೆ ಬಿಡುತ್ತಿದ್ದರು.

ಇದರ ತೊಂದರೆ ಏನು? ಈ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿಯಿಂದ ಬಂದ ಸಾರಜನಕ. ಅದು ಉರಿಯುವುದಿಲ್ಲ, ಸಿಲಿಂಡರಿನಲ್ಲಿ ಜಾಗ ಮಾತ್ರ ತಿನ್ನುತ್ತದೆ. ಆದ್ದರಿಂದ ಇಂಜಿನಿನ ಸಾಮರ್ಥ್ಯ ಮೂರನೇ ಒಂದರಿಂದ ಅರ್ಧದವರೆಗೂ ಕುಗ್ಗುತ್ತಿತ್ತು. ಏರು ಬಂದಾಗ ಪ್ರಯಾಣಿಕರು ಇಳಿದು ತಳ್ಳಬೇಕಾಗುತ್ತಿತ್ತು. ಬೆಳಿಗ್ಗೆ ಬಸ್ಸು ಹೊರಡುವ ಎಷ್ಟೋ ಹೊತ್ತಿಗೆ ಮುಂಚೆ ಕ್ಲೀನರ್ ಎದ್ದು ಕೈಗಾಲಿ ತಿರುಗಿಸಿ ಬೆಂಕಿ ಏಳಿಸಬೇಕಿತ್ತು. ಮೊನಾಕ್ಸೈಡ್ ವಿಷಾನಿಲವೂ ಹೌದು. ಯುದ್ಧ ಮುಗಿದು ಪೆಟ್ರೋಲ್ ಸಿಗತೊಡಗಿದ ಕೂಡಲೇ ಜನ ಇದ್ದಲನ್ನು ಬಿಟ್ಟುಬಿಟ್ಟರು. ಇದರಿಂದ ತಿಳಿಯುವುದು ಇಷ್ಟು: ಇಂಧನ ಉರಿದರೆ ಸಾಲದು. ಸಾಕಷ್ಟು ಶಕ್ತಿಯನ್ನು ಚಿಕ್ಕ ಜಾಗದಲ್ಲಿ, ಕಡಿಮೆ ತೂಕದಲ್ಲಿ, ಸುರಕ್ಷಿತವಾಗಿ ಹೊತ್ತುಕೊಂಡು ಹೋಗುವಂತಿರಬೇಕು.

ತಕ್ಕಡಿಗೆ ಹಾಕಿ ನೋಡೋಣ

ಹಾಗಾದರೆ ಯಾವ ಇಂಧನ ಎಷ್ಟು ಶಕ್ತಿಯನ್ನು ಹೊತ್ತಿದೆ? ಒಂದು ಕಿಲೋಗ್ರಾಂ ಇಂಧನದಿಂದ ಸಿಗುವ ಉಷ್ಣವನ್ನು ಮೆಗಾಜೂಲುಗಳಲ್ಲಿ ಸ್ಥೂಲವಾಗಿ ಹೀಗೆ ಹೇಳಬಹುದು:

ಜಲಜನಕ – 120
ಸಿಎನ್‌ಜಿ – 48
ಎಲ್‌ಪಿಜಿ – 46
ಪೆಟ್ರೋಲ್, ಡೀಸೆಲ್ – 43
ಜೈವಿಕ ಡೀಸೆಲ್ – 37
ಎಥನಾಲ್ – 27
ಲಿಥಿಯಂ ಅಯಾನ್ ಬ್ಯಾಟರಿ – 0.5ರಿಂದ 0.9
ಸೀಸ–ಆಮ್ಲ ಬ್ಯಾಟರಿ – 0.11ರಿಂದ 0.14

ಪಟ್ಟಿಯನ್ನು ನೋಡಿದ ಕೂಡಲೇ ಜಲಜನಕವೇ ಶ್ರೇಷ್ಠ, ಬ್ಯಾಟರಿ ಕನಿಷ್ಠ ಎಂದು ತೀರ್ಮಾನಿಸಬೇಡಿ. ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಜಾಗ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಇದ್ದರೆ, ವಾಯುಮಂಡಲದ 200 ಪಟ್ಟು ಒತ್ತಡದಲ್ಲಿ ತುಂಬಿದ ಸಿಎನ್‌ಜಿಯ ಒಂದು ಲೀಟರಿನಲ್ಲಿ ಸುಮಾರು 9 ಮಾತ್ರ. ಜಲಜನಕವನ್ನು 700 ಪಟ್ಟು ಒತ್ತಡಕ್ಕೆ ಅದುಮಿದರೂ ಲೀಟರಿಗೆ 5 ಮೆಗಾಜೂಲಿನ ಆಸುಪಾಸು.

ಎರಡು, ದಕ್ಷತೆ. ಪೆಟ್ರೋಲಿನ ಶಕ್ತಿಯಲ್ಲಿ ನಾಲ್ಕನೇ ಒಂದು ಪಾಲು ಅಥವಾ ಅದಕ್ಕಿಂತಲೂ ಕಡಿಮೆ ಚಕ್ರವನ್ನು ತಲಪುತ್ತದೆ. ಉಳಿದದ್ದು ರೇಡಿಯೇಟರಿನಲ್ಲಿ, ಹೊಗೆಯಲ್ಲಿ, ಘರ್ಷಣೆಯಲ್ಲಿ ಶಾಖವಾಗಿ ಹೋಗುತ್ತದೆ. ವಿದ್ಯುತ್ ಮೋಟಾರಿನ ವಾಹನದಲ್ಲಿ ಬ್ಯಾಟರಿಯ ಶಕ್ತಿಯ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಚಕ್ರಕ್ಕೆ ಸೇರುತ್ತದೆ.

ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಚೇತನ್ ಮೈನಿ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರು. ಅದರಲ್ಲಿ 6 ವೋಲ್ಟಿನ ಎಂಟು ಸೀಸ–ಆಮ್ಲ ಬ್ಯಾಟರಿಗಳಿದ್ದವು, ಒಟ್ಟು 48 ವೋಲ್ಟ್. ಸಾಮರ್ಥ್ಯ 200 ಆಂಪಿಯರ್-ಗಂಟೆ ಎಂದಿಟ್ಟುಕೊಂಡು ಗುಣಿಸಿ: 48 × 200 = 9600 ವಾಟ್-ಗಂಟೆ, ಅಂದರೆ 9.6 ಯೂನಿಟ್. ಒಂದು ಯೂನಿಟ್ ಎಂದರೆ 3.6 ಮೆಗಾಜೂಲ್. ಒಟ್ಟು ಸುಮಾರು 34.6 ಮೆಗಾಜೂಲ್. ಇದು ಒಂದು ಲೀಟರ್ ಪೆಟ್ರೋಲಿನ ಶಕ್ತಿಗಿಂತ ತುಸುವೇ ಹೆಚ್ಚು! ಆ ಬ್ಯಾಟರಿಗಳ ತೂಕವೇ ಇನ್ನೂರೈವತ್ತು ಕಿಲೋಗ್ರಾಂ ದಾಟುವಂಥದು. ಆದರೂ ಒಮ್ಮೆ ಚಾರ್ಜ್ ಮಾಡಿದರೆ 80 ಕಿಲೋಮೀಟರ್ ಓಡುವಂತೆ ಅದನ್ನು ರೂಪಿಸಿದ್ದರು. ದಕ್ಷತೆಯ ಮಹತ್ವ ಇಲ್ಲಿ ಸ್ಪಷ್ಟವಾಗುತ್ತದೆ. ಲಂಡನ್ನಿನ ಬೀದಿಗಳಲ್ಲಿಯೂ ಓಡಿದ ಈ ಕಾರಿನ ಕಂಪೆನಿಯನ್ನು 2010ರಲ್ಲಿ ಮಹೀಂದ್ರಾ ಸಂಸ್ಥೆ ವಶಕ್ಕೆ ತೆಗೆದುಕೊಂಡಿತು. ರೇವಾ ಈಗ ತಯಾರಾಗುತ್ತಿಲ್ಲ. ಲಿಥಿಯಂ ಬ್ಯಾಟರಿ ಅದರ ಮುಖ್ಯ ಕೊರತೆಯನ್ನು ನೀಗಿಸಿದೆ.

ಶಿರಾಡಿ ಘಾಟಿಯ ಲೆಕ್ಕ

ಮೆಲ್ಕಾರಿನಲ್ಲಿ ನಿಂತವರಿಗೆ ಇನ್ನೊಂದು ಪ್ರಶ್ನೆ ಸಹಜ: ವಿದ್ಯುತ್ ಕಾರು ಶಿರಾಡಿ ಘಾಟಿ ಹತ್ತೀತೆ? ಲೆಕ್ಕ ಹಾಕೋಣ. ಜನರೂ ಸೇರಿ ಕಾರಿನ ದ್ರವ್ಯರಾಶಿ 1500 ಕಿಲೋಗ್ರಾಂ ಇರಲಿ. ಮೆಲ್ಕಾರಿನಿಂದ ಸಕಲೇಶಪುರಕ್ಕೆ ಏರಬೇಕಾದ ಎತ್ತರ ಸುಮಾರು 900 ಮೀಟರ್, ದೂರ ಸುಮಾರು 100 ಕಿಲೋಮೀಟರ್. ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ:

1500 × 9.8 × 900 = 1,32,30,000 ಜೂಲ್, ಅಂದರೆ ಸುಮಾರು 13.2 ಮೆಗಾಜೂಲ್ ಅಥವಾ 3.7 ಯೂನಿಟ್.

ಮೋಟಾರು ಮತ್ತಿತರ ಭಾಗಗಳ ನಷ್ಟ ಸೇರಿದರೆ 4.3 ಯೂನಿಟ್ ಎನ್ನಿ. ಸಮತಟ್ಟಾದ ರಸ್ತೆಯಲ್ಲಿ 100 ಕಿಲೋಮೀಟರಿಗೆ ಇಂಥ ಕಾರಿಗೆ ಸುಮಾರು 15 ಯೂನಿಟ್ ಬೇಕು. ಒಟ್ಟು 19ರಿಂದ 20 ಯೂನಿಟ್. ಬ್ಯಾಟರಿ 40 ಯೂನಿಟ್ಟಿನದಾದರೆ ಸಕಲೇಶಪುರ ಮುಟ್ಟಿದಾಗ ಅರ್ಧದಷ್ಟು ಉಳಿದಿರುತ್ತದೆ. 9.6 ಯೂನಿಟ್ಟಿನ ರೇವಾಕ್ಕೆ ಇದು ಆಗುವ ಮಾತಲ್ಲ. ಅದು ಊರೊಳಗಿನ ಕಾರು.

ಇದೇ ಏರಿಗೆ ಪೆಟ್ರೋಲ್ ಕಾರು ಎಷ್ಟು ಇಂಧನವನ್ನು ಹೆಚ್ಚಾಗಿ ಕುಡಿಯುತ್ತದೆ? ದಕ್ಷತೆ ನೂರಕ್ಕೆ 25 ಎಂದರೆ 13.2ರ ನಾಲ್ಕರಷ್ಟು, ಸುಮಾರು 53 ಮೆಗಾಜೂಲ್. ಅಂದರೆ ಒಂದೂವರೆ ಲೀಟರಿಗಿಂತ ಸ್ವಲ್ಪ ಹೆಚ್ಚು. ಇನ್ನು ಇಳಿಯುವಾಗ? ಪೆಟ್ರೋಲ್ ಕಾರು ಆ ಎತ್ತರದ ಶಕ್ತಿಯನ್ನು ಬ್ರೇಕಿನಲ್ಲಿ ಶಾಖವಾಗಿ ಚೆಲ್ಲುತ್ತದೆ. ಘಾಟಿ ಇಳಿದ ಲಾರಿಯ ಬ್ರೇಕಿನ ಸುಟ್ಟ ವಾಸನೆ ಎಲ್ಲರಿಗೂ ಪರಿಚಿತ. ವಿದ್ಯುತ್ ಕಾರಿನಲ್ಲಿ ಇಳಿಜಾರಿನಲ್ಲಿ ಮೋಟಾರೇ ಜನರೇಟರ್ ಆಗಿ, ಶಕ್ತಿಯ ಒಂದು ದೊಡ್ಡ ಪಾಲನ್ನು ಬ್ಯಾಟರಿಗೆ ಹಿಂತಿರುಗಿಸುತ್ತದೆ. ಘಟ್ಟದ ನಾಡಿಗೆ ಇದು ಸಣ್ಣ ಲಾಭವಲ್ಲ.

ವಿದ್ಯುತ್ ಎಲ್ಲಿಂದ ಬಂತು?

'ಈ ವಾಹನ ಹೊಗೆ ಉಗುಳುವುದಿಲ್ಲ' ಎಂದು ಪ್ರದರ್ಶನದ ಮಳಿಗೆಯಲ್ಲಿ ಹೇಳುತ್ತಾರೆ. ಮಾತು ನಿಜ, ಆದರೆ ಪೂರ್ಣವಲ್ಲ. ಹೊಗೆಯ ಕೊಳವೆ ವಿದ್ಯುತ್ ಸ್ಥಾವರದಲ್ಲಿ ಇರಬಹುದು. ಲೀಟರಿಗೆ 15 ಕಿಲೋಮೀಟರ್ ಓಡುವ ಪೆಟ್ರೋಲ್ ಕಾರನ್ನು ತೆಗೆದುಕೊಳ್ಳಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಕಿಲೋಮೀಟರಿಗೆ ಸುಮಾರು 153 ಗ್ರಾಂ. ಭಾರತದ ವಿದ್ಯುತ್ ಜಾಲದಲ್ಲಿ ಸರಾಸರಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ ಹೊರಬೀಳುತ್ತದೆ. ಕಿಲೋಮೀಟರಿಗೆ 0.15 ಯೂನಿಟ್ ಬಳಸುವ ಕಾರಿನ ಪಾಲು ಸುಮಾರು 105 ಗ್ರಾಂ. ಬರೀ ಕಲ್ಲಿದ್ದಲಿನ ವಿದ್ಯುತ್ತಾದರೆ ಯೂನಿಟ್ಟಿಗೆ ಒಂದು ಕಿಲೋಗ್ರಾಂ ಸಮೀಪಿಸುತ್ತದೆ, ಆಗ ಎರಡೂ ಕಾರುಗಳು ಹೆಚ್ಚುಕಡಿಮೆ ಸಮ. ಬ್ಯಾಟರಿ ತಯಾರಿಸುವಾಗಿನ ಹೊರೆ ಬೇರೆ. ಶರಾವತಿಯ ಜಲವಿದ್ಯುತ್ತೋ ಪಾವಗಡದ ಸೌರವಿದ್ಯುತ್ತೋ ಆದರೆ ಲೆಕ್ಕ ಪೂರ್ತಿ ಬದಲಾಗುತ್ತದೆ.

ನಮ್ಮ ನೆರೆಯಲ್ಲೇ ಎರಡೂ ಮಾದರಿಗಳಿವೆ. ಉಡುಪಿ ಜಿಲ್ಲೆಯ ಎಲ್ಲೂರಿನ 1200 ಮೆಗಾವಾಟ್ ಸ್ಥಾವರ ಹೊರದೇಶದ ಕಲ್ಲಿದ್ದಲಿಗಾಗಿ ಕಟ್ಟಿದ್ದು. ಬಂಟ್ವಾಳ ತಾಲೂಕಿನ ಶಂಭೂರಿನಲ್ಲಿ ನೇತ್ರಾವತಿಯ ನೀರಿನಿಂದ ವಿದ್ಯುತ್ ತಯಾರಾಗುತ್ತದೆ. ಮನೆಯ ಮಾಡಿನ ಮೇಲೆ 3 ಕಿಲೋವಾಟ್ ಸೌರಫಲಕ ಇದ್ದರೆ ಬೇಸಗೆಯ ಒಳ್ಳೆಯ ದಿನದಲ್ಲಿ ಸುಮಾರು 12 ಯೂನಿಟ್ ಸಿಗುತ್ತದೆ. ಕಾರಿಗೆ 80 ಕಿಲೋಮೀಟರಿನ ಓಟ. ಆಟಿ ತಿಂಗಳ ಮಳೆಯಲ್ಲಿ ಇದು ತೀರಾ ಕಡಿಮೆಯಾಗುತ್ತದೆ, ಆದರೆ ಆಗ ನದಿಗಳು ತುಂಬಿರುತ್ತವೆ. ಸೂರ್ಯ ಮತ್ತು ನೀರು ಒಂದಕ್ಕೊಂದು ಹೆಗಲು ಕೊಡುವ ಈ ಅನುಕೂಲ ಕರಾವಳಿಗೆ ಇದೆ. ಮಣಿಪಾಲದ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳು 'ಸೋಲಾರ್‌ಮೊಬಿಲ್' ಹೆಸರಿನ ತಂಡ ಕಟ್ಟಿಕೊಂಡು ಸೌರ ಕಾರುಗಳನ್ನು ತಾವೇ ತಯಾರಿಸಿರುವುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ತಿಳಿಸಿ.

ಭಾರವಾದ ಅನಿಲ, ಹಗುರವಾದ ಅನಿಲ

ಮೆಲ್ಕಾರಿನಿಂದ ಬೆಂಗಳೂರಿನ ಕಡೆಗೆ ಮಾಣಿ ದಾಟಿದರೆ ಉಪ್ಪಿನಂಗಡಿಯ ಮೊದಲು ಪೆರ್ನೆ ಸಿಗುತ್ತದೆ. 2013ರ ಏಪ್ರಿಲ್ 9ರಂದು ಇಲ್ಲಿ ಎಲ್‌ಪಿಜಿ ಟ್ಯಾಂಕರ್ ಉರುಳಿ, ಸೋರಿದ ಅನಿಲಕ್ಕೆ ಬೆಂಕಿ ತಗಲಿ ಹಲವರು ಪ್ರಾಣ ಕಳೆದುಕೊಂಡರು, ಮನೆಗಳು ಸುಟ್ಟುಹೋದವು. ಈ ದಾರಿಯ ಜನ ಅದನ್ನು ಮರೆತಿಲ್ಲ. ವಿಜ್ಞಾನದ ತರಗತಿಯಲ್ಲಿ ಅದರ ಕಾರಣವನ್ನು ವಿವರಿಸಬೇಕಾದ್ದು ಅಗತ್ಯ.

ಎಲ್‌ಪಿಜಿ ಎಂದರೆ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ಒತ್ತಡದಲ್ಲಿ ದ್ರವವಾಗಿರುವ ಇದು ಹೊರಬಿದ್ದ ಕೂಡಲೇ ಇನ್ನೂರೈವತ್ತು ಪಟ್ಟು ಹಿಗ್ಗಿ ಅನಿಲವಾಗುತ್ತದೆ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಆದ್ದರಿಂದ ಮೇಲಕ್ಕೇರದೆ ನೀರಿನಂತೆ ತಗ್ಗಿನ ಕಡೆಗೆ, ಚರಂಡಿಗೆ, ಮನೆಯ ಅಂಗಳಕ್ಕೆ ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಸಾಕು, ದೂರದ ಒಲೆಯ ಕಿಡಿಯೊಂದರಿಂದ ಹೊತ್ತಿಕೊಳ್ಳುತ್ತದೆ. ಸೋರಿಕೆ ಕಂಡಾಗ ಇಳಿಜಾರಿನ ಕಡೆಗೆ ಓಡದೆ, ಗಾಳಿ ಬೀಸುತ್ತಿರುವ ದಿಕ್ಕಿಗೆ ಎದುರಾಗಿ, ಎತ್ತರದ ಕಡೆಗೆ ಸರಿಯಬೇಕು. ವಾಹನ ಚಾಲೂ ಮಾಡಬಾರದು, ಸ್ವಿಚ್ಚು ಮುಟ್ಟಬಾರದು.

ಸಿಎನ್‌ಜಿ ಎಂದರೆ ಮುಖ್ಯವಾಗಿ ಮೀಥೇನ್. ಅದು ಗಾಳಿಯ ಅರ್ಧದಷ್ಟೇ ಭಾರ. ಬಯಲಿನಲ್ಲಿ ಸೋರಿದರೆ ಮೇಲೇರಿ ಚದುರುತ್ತದೆ. ಆದರೆ ಮುಚ್ಚಿದ ಗ್ಯಾರೇಜಿನಲ್ಲಿ ಮಾಡಿನ ಅಡಿಯಲ್ಲಿ ತುಂಬಿಕೊಳ್ಳಬಲ್ಲದು. ಕೊಚ್ಚಿಯಿಂದ ಮಂಗಳೂರಿಗೆ ನೈಸರ್ಗಿಕ ಅನಿಲ ತರುವ 450 ಕಿಲೋಮೀಟರ್ ಕೊಳವೆಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ದೆಹಲಿಯ ಬಸ್ಸುಗಳು ಸುಪ್ರೀಂ ಕೋರ್ಟಿನ 1998ರ ಆದೇಶದ ಫಲವಾಗಿ 2002ರ ಕೊನೆಯ ಹೊತ್ತಿಗೆ ಸಿಎನ್‌ಜಿಗೆ ಬದಲಾದವು. ಮಸಿ ಕಡಿಮೆ ಎಂಬುದು ಇದರ ದೊಡ್ಡ ಗುಣ. ಆದರೆ ಇದೂ ಭೂಮಿಯೊಳಗಿನ ಇಂಧನವೇ.

ಅಡುಗೆಮನೆಯ ಸಿಲಿಂಡರನ್ನು ಕಾರಿಗೆ ಕಟ್ಟಿ ಓಡಿಸುವುದು ಬೇರೆ ಸಂಗತಿ. ವಾಹನದ ಅನಿಲ ಟ್ಯಾಂಕಿನಲ್ಲಿ ಶೇ. 80ಕ್ಕೆ ತುಂಬುವಿಕೆಯನ್ನು ನಿಲ್ಲಿಸುವ, ಕೊಳವೆ ಒಡೆದರೆ ಹರಿವನ್ನು ತಡೆಯುವ ಕವಾಟಗಳಿವೆ. ಅಡುಗೆ ಸಿಲಿಂಡರಿನಲ್ಲಿ ಇವು ಇಲ್ಲ. ಅದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ.

ಬ್ಯಾಟರಿಯೂ ಅಪಾಯದಿಂದ ಹೊರತಲ್ಲ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ತಗಲಿತು. ಲಿಥಿಯಂ ಕೋಶವೊಂದು ವಿಪರೀತ ಬಿಸಿಯಾದರೆ ಒಳಗಿನ ರಾಸಾಯನಿಕ ಕ್ರಿಯೆ ತಾನೇ ಮತ್ತಷ್ಟು ಶಾಖ ಹುಟ್ಟಿಸಿ ಪಕ್ಕದ ಕೋಶಕ್ಕೂ ಹಬ್ಬುತ್ತದೆ. ಆ ಘಟನೆಗಳ ನಂತರ ಸುರಕ್ಷತಾ ಪರೀಕ್ಷೆಗಳನ್ನು ಬಿಗಿಗೊಳಿಸಲಾಯಿತು.

ಗಿಡಮರದ ಇಂಧನ

ಬೆಂಗಳೂರಿನಲ್ಲಿ 2023ರ ಫೆಬ್ರವರಿ 6ರಂದು ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸಿದ ಇಂಧನವನ್ನು ಬಿಡುಗಡೆ ಮಾಡಲಾಯಿತು. 2025ರಲ್ಲಿ ದೇಶ ಈ ಪ್ರಮಾಣವನ್ನು ಮುಟ್ಟಿತು. ಎಥನಾಲಿನಲ್ಲಿ ಲೀಟರಿಗೆ 21 ಮೆಗಾಜೂಲ್ ಇರುವುದರಿಂದ ಮಿಶ್ರಣದ ಶಕ್ತಿ 0.8 × 32 + 0.2 × 21 = 29.8. ಬರೀ ಪೆಟ್ರೋಲಿಗಿಂತ ಶೇ. 7ರಷ್ಟು ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಎಥನಾಲಿನ ಆಕ್ಟೇನ್ ಸಂಖ್ಯೆ ಹೆಚ್ಚಾದ್ದರಿಂದ ಅದಕ್ಕೆಂದೇ ರೂಪಿಸಿದ ಇಂಜಿನಿನಲ್ಲಿ ಈ ನಷ್ಟದ ಒಂದಂಶವನ್ನು ತುಂಬಿಕೊಳ್ಳಬಹುದು. ಆದರೆ ಎಥನಾಲ್ ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಬರುತ್ತದೆ. ಹೊಲ, ನೀರು ಊಟಕ್ಕೋ ಟ್ಯಾಂಕಿಗೋ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಊಟದ ಜೊತೆ ಸ್ಪರ್ಧಿಸದ ವಸ್ತುವೊಂದು ನಮ್ಮಲ್ಲಿ ಕೊಳೆತುಹೋಗುತ್ತದೆ: ಗೇರುಹಣ್ಣು. ಬೀಜ ಕಿತ್ತ ಮೇಲೆ ಹಣ್ಣು ಹೆಚ್ಚಾಗಿ ಮರದಡಿಯೇ ಉಳಿಯುತ್ತದೆ. ಅದರಲ್ಲಿ ನೂರಕ್ಕೆ ಹತ್ತರಷ್ಟು ಸಕ್ಕರೆ ಇದೆ ಎನ್ನೋಣ. ಒಂದು ಕಿಲೋಗ್ರಾಂ ಸಕ್ಕರೆಯಿಂದ ಸಿದ್ಧಾಂತದ ಪ್ರಕಾರ 0.51 ಕಿಲೋಗ್ರಾಂ, ಅಂದರೆ ಸುಮಾರು 0.65 ಲೀಟರ್ ಎಥನಾಲ್ ಸಿಗಬೇಕು. 100 ಕಿಲೋಗ್ರಾಂ ಹಣ್ಣಿನಿಂದ ಹೆಚ್ಚೆಂದರೆ ಆರೂವರೆ ಲೀಟರ್. ಹಿಂಡುವಾಗಿನ, ಹುದುಗುವಾಗಿನ ನಷ್ಟ ಕಳೆದರೆ ಇನ್ನೂ ಕಡಿಮೆ. ಬಟ್ಟಿ ಇಳಿಸಲು ಸೌದೆ ಎಷ್ಟು ಬೇಕು, ಗುಡ್ಡಗಳಲ್ಲಿ ಚೆದುರಿದ ಹಣ್ಣನ್ನು ಒಟ್ಟುಗೂಡಿಸಲು ಜೀಪು ಎಷ್ಟು ಓಡಬೇಕು? ಪಡೆದ ಶಕ್ತಿಗಿಂತ ಖರ್ಚಾದ ಶಕ್ತಿ ಹೆಚ್ಚಾಗದಂತೆ ನೋಡಿಕೊಳ್ಳುವುದೇ ಇಲ್ಲಿನ ಸವಾಲು. (ಇದು ಲೆಕ್ಕದಲ್ಲೇ ಇರಲಿ. ಪರವಾನಗಿ ಇಲ್ಲದೆ ಬಟ್ಟಿ ಇಳಿಸುವುದು ಅಬಕಾರಿ ಕಾನೂನಿನಂತೆ ಅಪರಾಧ.)

ಡೀಸೆಲಿನ ಜಾಗಕ್ಕೆ ಹೊಂಗೆ ಬರಬಹುದೆಂದು ತೋರಿಸಿದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಪ್ರಮುಖರು. ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ನೀರೆತ್ತಿದ ಪ್ರಯೋಗ ನಾಡಿನ ಗಮನ ಸೆಳೆಯಿತು. ಹೊಂಗೆ ಎಣ್ಣೆಯನ್ನು ನೇರವಾಗಿ ವಾಹನಕ್ಕೆ ಏಕೆ ಹಾಕಬಾರದು? ಅದರ ಸ್ನಿಗ್ಧತೆ ಡೀಸೆಲಿನ ಹತ್ತು ಪಟ್ಟಿಗೂ ಹೆಚ್ಚು. ಇಂಜೆಕ್ಟರಿನಿಂದ ಮಂಜಿನಂತೆ ಸಿಡಿಯದೆ ಹನಿಹನಿಯಾಗಿ ಬಿದ್ದು ಅರೆಬರೆ ಉರಿದು ಮಸಿ ಕಟ್ಟುತ್ತದೆ. ಎಣ್ಣೆಯನ್ನು ಕ್ಷಾರದ ಸಮ್ಮುಖದಲ್ಲಿ ಮೆಥನಾಲಿನೊಡನೆ ಬೆರೆಸಿ ಕಾಯಿಸಿದರೆ ಗ್ಲಿಸರಿನ್ ಬೇರ್ಪಟ್ಟು ತೆಳುವಾದ ಜೈವಿಕ ಡೀಸೆಲ್ ಸಿಗುತ್ತದೆ. ಒಂದು ಕಿಲೋಗ್ರಾಂ ಎಣ್ಣೆಗೆ ಸುಮಾರು ನಾಲ್ಕು ಕಿಲೋಗ್ರಾಂ ಬೀಜ ಬೇಕು. ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆಯಿಂದಲೂ ಇದನ್ನು ತಯಾರಿಸಬಹುದು. ಹೊಂಗೆ ಇಡೀ ನಾಡಿನ ಡೀಸೆಲಿಗೆ ಉತ್ತರವಲ್ಲ. ಒಂದು ಹಳ್ಳಿಯ ಪಂಪಿಗೆ, ಒಂದು ಟ್ರ್ಯಾಕ್ಟರಿಗೆ ಉತ್ತರವಾಗಬಲ್ಲದು.

ಜಲಜನಕದ ಬಗ್ಗೆ ಒಂದೇ ಮಾತು: ಅದು ಗಣಿಯಲ್ಲಿ ಸಿಗುವ ಇಂಧನವಲ್ಲ, ಬೇರೆ ಶಕ್ತಿ ಖರ್ಚು ಮಾಡಿ ತಯಾರಿಸಬೇಕಾದದ್ದು. ನೀರನ್ನು ವಿದ್ಯುತ್ತಿನಿಂದ ವಿಭಜಿಸಿ, ಅದುಮಿ ತುಂಬಿಸಿ, ಇಂಧನಕೋಶದಲ್ಲಿ ಮತ್ತೆ ವಿದ್ಯುತ್ತಾಗಿಸುವಷ್ಟರಲ್ಲಿ ಮೊದಲಿನ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಪಾಲು ಕಳೆದುಹೋಗುತ್ತದೆ. ಭಾರೀ ಬ್ಯಾಟರಿ ಹೊರಲಾಗದ ಲಾರಿ, ಹಡಗುಗಳಿಗೆ ಅದು ಒಪ್ಪಬಹುದು.

ಪ್ರದರ್ಶನದಲ್ಲಿ ಕೇಳಬೇಕಾದ ಪ್ರಶ್ನೆಗಳು

ನಿಮ್ಮ ಊರಿನ ಮೈದಾನದಲ್ಲೋ, ಎಂಜಿನಿಯರಿಂಗ್ ಕಾಲೇಜಿನ ಉತ್ಸವದಲ್ಲೋ, ಬೆಂಗಳೂರಿನ ದೊಡ್ಡ ಪ್ರದರ್ಶನದಲ್ಲೋ ಹೊಸ ವಾಹನಗಳನ್ನು ನೋಡಲು ಹೋದಾಗ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಗಳು ಇವು:

1. ಈ ಇಂಧನ ಅಥವಾ ವಿದ್ಯುತ್ ಎಲ್ಲಿಂದ, ಯಾವುದರಿಂದ ಬಂತು?
2. ಕಿಲೋಮೀಟರಿಗೆ ಎಷ್ಟು ಮೆಗಾಜೂಲ್ ಅಥವಾ ಎಷ್ಟು ಯೂನಿಟ್ ಬೇಕು? (ಬರೀ ಮೈಲೇಜ್ ಕೇಳಿದರೆ ಬೇರೆ ಬೇರೆ ಇಂಧನಗಳನ್ನು ಹೋಲಿಸಲಾಗದು.)
3. ಹೇಳಿದ ದೂರ ಸಮತಟ್ಟಾದ ರಸ್ತೆಗೋ, ಘಾಟಿಗೂ ಅನ್ವಯಿಸುತ್ತದೆಯೋ?
4. ಸೋರಿಕೆ ಅಥವಾ ಬೆಂಕಿಯ ಸಂದರ್ಭದಲ್ಲಿ ಏನು ಮಾಡಬೇಕು?
5. ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ, ಹಳೆಯದನ್ನು ಯಾರು ಹಿಂದಕ್ಕೆ ಪಡೆಯುತ್ತಾರೆ?

ಉತ್ತರ ಕೊಡಲಾಗದ ಮಾರಾಟಗಾರರನ್ನು ಹಂಗಿಸುವ ಅಗತ್ಯವಿಲ್ಲ. ಪ್ರಶ್ನೆಯನ್ನು ಬರೆದುಕೊಂಡು ಬಂದು ತರಗತಿಯಲ್ಲಿ ಲೆಕ್ಕ ಹಾಕಿ. ಮೆಲ್ಕಾರಿನ ಎಣಿಕೆಯನ್ನು ಪ್ರತಿವರ್ಷ ಅದೇ ತಿಂಗಳ ಅದೇ ವಾರ, ಅದೇ ಗಂಟೆಯಲ್ಲಿ ಮಾಡಿ ಶಾಲೆಯ ದಾಖಲೆ ಪುಸ್ತಕದಲ್ಲಿ ಬರೆದಿಡಿ. ಹತ್ತು ವರ್ಷಗಳಲ್ಲಿ ಹಸಿರು ಫಲಕಗಳು ಎಷ್ಟಾದವು, 1075ರ ಟ್ಯಾಂಕರುಗಳು ಎಷ್ಟು ಕಡಿಮೆಯಾದವು ಎಂಬುದನ್ನು ಯಾವ ಜಾಹೀರಾತೂ ನಿಮಗೆ ಇಷ್ಟು ನಿಖರವಾಗಿ ಹೇಳಲಾರದು. ಇಂದು ಎಂಟನೆಯ ತರಗತಿಯಲ್ಲಿ ಎಣಿಸುತ್ತಿರುವವರು ಆ ಹೊತ್ತಿಗೆ ತಮ್ಮ ಮೊದಲ ವಾಹನ ಕೊಳ್ಳಲು ಹೊರಟಿರುತ್ತಾರೆ. ಆಗ ಅವರ ಕೈಯಲ್ಲಿ ತಮ್ಮದೇ ಊರಿನ ಅಂಕಿಅಂಶಗಳಿರಲಿ.